ಒಂದೇ ಬಳ್ಳಿ, ಎರಡು ಸಾಮ್ರಾಜ್ಯ

ಕುಷ್ಟಗಿ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ಎರಡು ಎಲೆಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ತಂದಿದ್ದರು. ಎರಡಕ್ಕೂ ಬೂಷ್ಟು ಹಿಡಿದಿದೆ ಎಂದು ಎರಡಕ್ಕೂ ಹೆಕ್ಸಾಕೊನಜೋಲ್ ಎಂಬ ಶಿಲೀಂಧ್ರನಾಶಕ ಸಿಂಪಡಿಸಿದ್ದರು. ಒಂದು ಹತೋಟಿಗೆ ಬಂದಿತ್ತು. ಇನ್ನೊಂದರದು ಗೊಂಚಲಿಗೂ ಇಳಿದಿತ್ತು. ಔಷಧ ನಕಲಿಯೇ ಎಂಬುದು ಅವರ ಪ್ರಶ್ನೆ.

ಔಷಧ ಸರಿಯಾಗಿಯೇ ಇತ್ತು. ಒಂದು ಎಲೆಯ ಮೇಲ್ಭಾಗದಲ್ಲಿ ವಿಭೂತಿ ಉದುರಿಸಿದಂತೆ ಬೂದಿ ರೋಗ. ಅದು ನಿಜವಾದ ಶಿಲೀಂಧ್ರ. ಇನ್ನೊಂದರ ಮೇಲೆ ಎಣ್ಣೆ ಸೋರಿದಂಥ ಹಳದಿ ಮಚ್ಚೆ, ಕೆಳಗೆ ಹತ್ತಿಯಂಥ ಬಿಳಿ ಬೆಳವಣಿಗೆ. ಇದು ಬೂಜು ತುಪ್ಪಟ ರೋಗ. ಇದರ ರೋಗಾಣು ಶಿಲೀಂಧ್ರವೇ ಅಲ್ಲ. ಶಿಲೀಂಧ್ರದ ಕೋಶಭಿತ್ತಿಯಲ್ಲಿರುವುದು ಕೈಟಿನ್, ಜೀರುಂಡೆಯ ಚಿಪ್ಪಿನಲ್ಲಿರುವ ಅದೇ ವಸ್ತು. ಬೂಜು ತುಪ್ಪಟದ ಭಿತ್ತಿಯಲ್ಲಿ, ಸಸ್ಯಗಳಲ್ಲಿರುವಂತೆ, ಸೆಲ್ಯುಲೋಸ್ ಇದೆ. ಹೆಕ್ಸಾಕೊನಜೋಲ್ ತಡೆಯುವುದು ಶಿಲೀಂಧ್ರದ ಕೋಶಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುವಿನ ತಯಾರಿಕೆಯನ್ನು. ಬೂಜು ತುಪ್ಪಟದ ಜೀವಿ ಅದನ್ನು ತಯಾರಿಸುವುದೇ ಇಲ್ಲ. ಇಲ್ಲದ ಬಾಗಿಲಿಗೆ ಬೀಗ ಹಾಕಿದಂತಾಯಿತು. ಬೂಜು ತುಪ್ಪಟಕ್ಕೆ ಕೆಲಸ ಮಾಡುವ ಮೆಟಲಾಕ್ಸಿಲ್ ಬೂದಿ ರೋಗವನ್ನು ಮುಟ್ಟುವುದಿಲ್ಲ.

ಹಾಗಾದರೆ ಬೂಜು ತುಪ್ಪಟದ ಬಂಧುಗಳು ಯಾರು? ಕಂದು ಪಾಚಿಗಳು, ಮತ್ತು ಕಾಲುವೆಯ ಕಲ್ಲಿನ ಮೇಲೆ ಕಂದು ಲೋಳೆಯಾಗಿ ಕೂರುವ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು. ಆ ನೀರಿನ ನಂಟು ಇನ್ನೂ ಬಿಟ್ಟಿಲ್ಲ: ಅದರ ಬೀಜಕಗಳು ಚಾಟಿಯಂಥ ಎರಡು ಕಶಾಂಗ ಬಡಿಯುತ್ತಾ ಎಲೆಯ ಮೇಲಿನ ನೀರಿನಲ್ಲಿ ಈಜುತ್ತವೆ. ಮಳೆ, ಇಬ್ಬನಿಯ ಬೆನ್ನಿಗೇ ರೋಗ ಹಬ್ಬುವುದು ಅದಕ್ಕಾಗಿ.

ಕಣ್ಣಿಗೆ ಕಂಡಂತೆ ವಿಂಗಡಿಸಿ ಮೋಸಹೋದವರಲ್ಲಿ ದೊಡ್ಡವರೂ ಇದ್ದಾರೆ. 1735ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಜೀವಿಗಳನ್ನು ಸಸ್ಯ, ಪ್ರಾಣಿ ಎಂದು ಎರಡೇ ಪಾಲು, ಅಂದರೆ ಸಾಮ್ರಾಜ್ಯ, ಮಾಡಿದರು. ಅಣಬೆ ಸಸ್ಯಗಳ ಪಾಲಿಗೆ ಹೋಯಿತು. 1866ರಲ್ಲಿ ಹೆಕೆಲ್ ಸರಳ ಸೂಕ್ಷ್ಮಜೀವಿಗಳಿಗಾಗಿ ಪ್ರೋಟಿಸ್ಟಾ ಎಂಬ ಮೂರನೆಯದನ್ನು ಸೇರಿಸಿದರು. 1969ರಲ್ಲಿ ವಿಟೇಕರ್ ಐದು ಸಾಮ್ರಾಜ್ಯಗಳನ್ನು ಹೇಳಿ, ಆಹಾರವನ್ನು ಹೀರಿಕೊಂಡು ಬದುಕುವ ಶಿಲೀಂಧ್ರಗಳಿಗೆ ಸ್ವಂತ ಮನೆ ಕೊಟ್ಟರು. ಆದರೆ ನಮ್ಮ ಬೂಜು ತುಪ್ಪಟದ ಬಳಗವನ್ನೂ ಅದೇ ಮನೆಗೆ ಸೇರಿಸಿದರು. 1981ರಲ್ಲಿ ಕ್ಯಾವಲಿಯರ್-ಸ್ಮಿತ್ ಕಂದು ಪಾಚಿಗಳ ಈ ನೆಂಟರ ಬಳಗಕ್ಕೆ ಕ್ರೋಮಿಸ್ಟಾ ಎಂಬ ಬೇರೆ ಸಾಮ್ರಾಜ್ಯವನ್ನು ಸೂಚಿಸಿದರು. ಮುಂದೆ ವಂಶವಾಹಿಗಳ ಹೋಲಿಕೆ ಇನ್ನೂ ದೊಡ್ಡ ಅಚ್ಚರಿ ತಂದಿತು: ಶಿಲೀಂಧ್ರಗಳು ಸಸ್ಯಗಳಿಗಿಂತ ಪ್ರಾಣಿಗಳಿಗೆ, ಅಂದರೆ ನಮಗೆ, ಹತ್ತಿರದ ನೆಂಟರು.

ಪ್ರೌಢಶಾಲೆಯಲ್ಲಿ ವಿಟೇಕರರ ಐದು ಸಾಮ್ರಾಜ್ಯಗಳ ಚೌಕಗಳ ಚಿತ್ರವನ್ನು ಕೊನೆಯ ಮಾತೆಂಬಂತೆ ಬಾಯಿಪಾಠ ಮಾಡಿಸುವುದು ನನಗೆ ನೋವು ತರುತ್ತದೆ. ಕೊಪ್ಪಳದ ರೈತರ ಮಕ್ಕಳಿಗೆ ಆ ಚೌಕಗಳು ತೋಟದಲ್ಲೇ ಸಿಗುತ್ತವೆ. ದಾಳಿಂಬೆಯ ದುಂಡಾಣು (ಬ್ಯಾಕ್ಟೀರಿಯಾ) ಅಂಗಮಾರಿಯನ್ನೇ ನೋಡಿ: ಅದರ ರೋಗಾಣುವಿಗೆ ಕೋಶಕೇಂದ್ರವೇ ಇಲ್ಲ, ಹೆಕ್ಸಾಕೊನಜೋಲೂ ಮೆಟಲಾಕ್ಸಿಲೂ ಅದಕ್ಕೆ ಲೆಕ್ಕಕ್ಕಿಲ್ಲ.

ಆ ಬೆಳೆಗಾರರಿಗೆ ಹೇಳಿದ್ದು ಇಷ್ಟು. ಅನುಮಾನ ಬಂದ ಎಲೆಯನ್ನು ಒದ್ದೆ ಬಟ್ಟೆಯ ತುಣುಕಿನೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಹಳದಿ ಮಚ್ಚೆಯ ನೇರ ಕೆಳಗೆ ಬಿಳಿ ತುಪ್ಪಟ ಮೂಡಿದ್ದರೆ, ಹೆಕ್ಸಾಕೊನಜೋಲ್ ಡಬ್ಬಿಯನ್ನು ತೆರೆಯಬೇಡಿ.