ಬಳ್ಳಾರಿ ನಾಲಾ ಪ್ರತಿ ಮಳೆಗಾಲ ಉಕ್ಕುವುದೇಕೆ?

ಜುಲೈ ಬಂತೆಂದರೆ ಬೆಳಗಾವಿಯ ವಡಗಾವಿ, ಶಹಾಪುರ, ಅನಗೋಳದ ರೈತರ ಕಣ್ಣೆಲ್ಲ ಊರಂಚಿನಲ್ಲಿ ಹರಿಯುವ ಬಳ್ಳಾರಿ ನಾಲಾ ಎಂಬ ಹಳ್ಳದ ಮೇಲೆ. ನಾಲಾ ಉಕ್ಕಿ ಗದ್ದೆಗೆ ನುಗ್ಗುತ್ತದೆ, ಫೋಟೊ ಬರುತ್ತವೆ, ಪರಿಹಾರದ ಮಾತು ಬರುತ್ತದೆ. ಹೂಳು, ಒತ್ತುವರಿ, ಹೆದ್ದಾರಿ, ಕೊಳಚೆ ಎಲ್ಲವೂ ಒಂದರೊಳಗೊಂದು ಸಿಕ್ಕಿಕೊಂಡಿರುವುದರಿಂದ ವಿಷಯ ಎಲ್ಲಿ ಶುರುವಾಯಿತು ಅನ್ನೋದೇ ಈಗ ಹಲವರಿಗೆ ಗೊತ್ತಿಲ್ಲ.

ನಾಲಾ ಯಳ್ಳೂರು ಕಡೆಯಿಂದ ಇಳಿದು, ಊರಿನ ದಕ್ಷಿಣ ಮತ್ತು ಪೂರ್ವದ ಅಂಚು ಹಿಡಿದು, ಹೆದ್ದಾರಿ ದಾಟಿ ಮುಂದೆ ಮಾರ್ಕಂಡೇಯ ನದಿ ಸೇರುತ್ತದೆ. ದಾರಿಯಲ್ಲಿ ಗ್ರಾಮ ಪಂಚಾಯಿತಿಗಳ ಜಮೀನು ಸಿಗುತ್ತದೆ, ಮಹಾನಗರ ಪಾಲಿಕೆಯ ವಾರ್ಡುಗಳು ಸಿಗುತ್ತವೆ, ಮತ್ತೆ ಪಂಚಾಯಿತಿ ಶುರುವಾಗುತ್ತದೆ. ಹೆದ್ದಾರಿಯ ಕೆಳಗಿನ ಮೋರಿ ಇನ್ನೊಂದು ಇಲಾಖೆಗೆ ಸೇರಿದ್ದು. ಊರಿನ ಮಧ್ಯದಲ್ಲಿರುವ ದಂಡು (ಸೇನೆಯ ಕಂಟೋನ್ಮೆಂಟ್) ಪ್ರದೇಶದ ಆಡಳಿತವೇ ಬೇರೆ, ಅದು ರಕ್ಷಣಾ ಇಲಾಖೆಯ ಕೈಯಲ್ಲಿದೆ.

ಇಷ್ಟೆಲ್ಲ ಗಡಿಗಳು ಒಂದೇ ದಿನ ಹುಟ್ಟಲಿಲ್ಲ. ಬ್ರಿಟಿಷರ ಕಾಲದಲ್ಲಿ ದಂಡು ಬಂತು, ಪುರಸಭೆ ಬಂತು, ಟಿಳಕವಾಡಿ ಬೆಳೆಯಿತು, ಆಮೇಲೆ ಉದ್ಯಮಬಾಗದ ಕಾರ್ಖಾನೆಗಳು, ಕೊನೆಗೆ ಮಚ್ಛೆ, ಪೀರನವಾಡಿ ಕಡೆಗೆ ಲೇಔಟುಗಳು ಬಂದವು. ಒಬ್ಬೊಬ್ಬರೂ ತಮ್ಮ ಗಟಾರ ತಾವು ಕಟ್ಟಿಕೊಂಡರು.

ತೊಂದರೆ ಜಾಸ್ತಿಯಾಗಿದ್ದು ಕಳೆದ ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ. ಒಂದು ಲೆಕ್ಕ ನೋಡಿ. ಒಂದು ಎಕರೆಯ ಮೇಲೆ 40 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 1.6 ಲಕ್ಷ ಲೀಟರ್ ನೀರಾಗುತ್ತದೆ. ಹೊಲವಾಗಿದ್ದರೆ ಒಂದಷ್ಟನ್ನು ಮಣ್ಣು ಕುಡಿಯುತ್ತದೆ, ಒಂದಷ್ಟನ್ನು ಬದು ಹಿಡಿಯುತ್ತದೆ. ಅದೇ ಎಕರೆ ಸೈಟುಗಳಾಗಿ, ಅಂಗಳಕ್ಕೆಲ್ಲ ಕಾಂಕ್ರೀಟ್ ಬಿದ್ದರೆ ಹೆಚ್ಚುಕಮ್ಮಿ ಪೂರ್ತಿ ನೀರು ಗಂಟೆಯೊಳಗೆ ಗಟಾರಕ್ಕೆ ಬರುತ್ತದೆ. ನಾಲಾ ಮಾತ್ರ ಹಳೇ ಅಗಲದಲ್ಲೂ ಉಳಿದಿಲ್ಲ. ಎರಡೂ ಬದಿಯಿಂದ ಕಿರಿದಾಗಿದೆ, ತಳದಲ್ಲಿ ಹೂಳು ತುಂಬಿದೆ.

ಹೆದ್ದಾರಿ ಅಗಲವಾದಾಗ ಅದರ ಏರಿಯೇ ಒಂದು ಒಡ್ಡಿನಂತಾಯಿತು. ಬೇಸಿಗೆಯಲ್ಲಿ ಕೊಳಚೆ ಉಂಡು ಬೆಳೆದ ಅಂತರಗಂಗೆ ಕಳೆ ಮೊದಲ ದೊಡ್ಡ ಮಳೆಗೆ ಬೇರುಸಮೇತ ಕಿತ್ತು ಬಂದು ಮೋರಿಯ ಬಾಯಿಗೆ ಅಡರುತ್ತದೆ. ಅದರ ಹಿಂದೆ ಪ್ಲಾಸ್ಟಿಕ್ ಚೀಲ, ಥರ್ಮಾಕೋಲ್. ನೀರು ಹಿಂದಕ್ಕೆ ಒತ್ತಿ ಗದ್ದೆಗೆ ಏರುತ್ತದೆ. ಬೆಳಗಾವಿ ಬಾಸುಮತಿ ಬೆಳೆಯುವ ನೆಲ ಇದು. ಭತ್ತಕ್ಕೆ ನೀರು ಬೇಕು ನಿಜ, ಆದರೆ ಆಗಷ್ಟೇ ನಾಟಿ ಮಾಡಿದ ಸಸಿ ತಲೆ ಮುಳುಗಿ ದಿನಗಟ್ಟಲೆ ನಿಂತರೆ ಕೊಳೆಯುತ್ತದೆ. ನೀರು ಇಳಿದ ಮೇಲೆ ಕಪ್ಪು ಕೆಸರು, ಗಾಜಿನ ಚೂರು ಉಳಿಯುತ್ತವೆ. ಮತ್ತೆ ಸಸಿ, ಮತ್ತೆ ಕೂಲಿ, ಮತ್ತೆ ನಾಟಿ. ಆ ಖರ್ಚು ಯಾವ ಕಾಮಗಾರಿಯ ಅಂದಾಜು ಪಟ್ಟಿಯಲ್ಲೂ ಸೇರುವುದಿಲ್ಲ.

2019ರ ಆಗಸ್ಟ್‌ನಲ್ಲಿ ಗದ್ದೆಯ ನೀರು ಮನೆಗಳಿಗೂ ಬಂತು. ಅದೇ ಹೊತ್ತಿಗೆ ಮಾರ್ಕಂಡೇಯವೂ ತುಂಬಿತ್ತು. ನದಿ ತುಂಬಿದಾಗ ನಾಲಾದ ನೀರಿಗೆ ಹೋಗಲು ಜಾಗವೇ ಇರುವುದಿಲ್ಲ, ಅಲ್ವಾ?

ಆಗೆಲ್ಲ ಸಾಮಾನ್ಯವಾಗಿ ಹುಡುಕುವ ಪರಿಹಾರ ಗಟಾರ ಅಗಲ ಮಾಡುವುದು, ಕಾಂಕ್ರೀಟ್ ಗೋಡೆ ಎಬ್ಬಿಸುವುದು. 2016ರಲ್ಲಿ ಕೇಂದ್ರ ಸರ್ಕಾರದ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ ಪಟ್ಟಿಯಲ್ಲೇ ಬೆಳಗಾವಿ ಇತ್ತು. ಆದರೆ ಆ ಯೋಜನೆಯ ದೊಡ್ಡ ಪಾಲು ಹಣ ಹೋಗಿದ್ದು ಆಯ್ದ ಬಡಾವಣೆಗಳಿಗೆ. ನುಣುಪಾದ ಗಟಾರದಲ್ಲಿ ನೀರು ಬೇಗ ಓಡುತ್ತದೆ, ಆ ಬೀದಿ ಒಣಗುತ್ತದೆ. ಕೆಳಗಿನ ಊರಿಗೆ ಅದೇ ನೀರು ಇನ್ನೂ ಜೋರಾಗಿ, ಒಟ್ಟಿಗೆ ಬಂದು ಬೀಳುತ್ತದೆ. ಒಂದು ಗಡಿಯೊಳಗೆ ಚೆನ್ನಾಗಿ ಆದ ಕೆಲಸ ಪಕ್ಕದ ಗಡಿಯಲ್ಲಿ ಪ್ರವಾಹವಾಗುತ್ತದೆ.

ಇಡೀ ಜಲಾನಯನವನ್ನು, ಅಂದರೆ ನಾಲಾಕ್ಕೆ ನೀರು ಹರಿದು ಬರುವ ಅಷ್ಟೂ ನೆಲವನ್ನು, ಒಂದೇ ನಕ್ಷೆಯಲ್ಲಿಟ್ಟರೆ ಲೆಕ್ಕ ಬದಲಾಗುತ್ತದೆ. ಮೇಲಿನ ಊರುಗಳಲ್ಲಿ ಕೆರೆ, ಹೊಂಡ, ತಗ್ಗಿನ ಬಯಲಿನಲ್ಲಿ ನೀರನ್ನು ಕೆಲವು ಗಂಟೆ ತಡೆದರೂ ಸಾಕು, ಕೆಳಗೆ ಅಷ್ಟು ದೊಡ್ಡ ಮೋರಿ ಬೇಕಾಗುವುದಿಲ್ಲ. ಹಾಗೆ ತಡೆದ ನೀರು ಬಾವಿಗೂ ಇಳಿಯುತ್ತದೆ. 1924ರ ಕಾಂಗ್ರೆಸ್ ಅಧಿವೇಶನಕ್ಕೆ ಟಿಳಕವಾಡಿಯಲ್ಲಿ ತೋಡಿದ ಬಾವಿ ಸೇರಿದಂತೆ ಹಳೇ ಬಾವಿಗಳ ಹೂಳೆತ್ತಿ 1990ರ ದಶಕದ ಬರಗಾಲವನ್ನು ದಾಟಿದ ಊರು ಇದು. ಹೂಳೆತ್ತುವ ಕೆಲಸವನ್ನೂ ನದಿಯ ಕಡೆಯಿಂದ ಶುರುಮಾಡಿ ಮೇಲಕ್ಕೆ ಬರಬಹುದು. ಮಧ್ಯದ ತುಂಡಿನಲ್ಲಿ ಮಾತ್ರ ತೆಗೆದರೆ ಕೆಳಗಿನ ಹೂಳಿಗೆ ತಡೆದು ನೀರು ಅಲ್ಲೇ ನಿಲ್ಲುತ್ತದೆ.

ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. 1992ರ 74ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 243-ಝಡ್‌ಡಿ ವಿಧಿ ಪ್ರತಿ ಜಿಲ್ಲೆಗೂ ಯೋಜನಾ ಸಮಿತಿ ಇರಬೇಕು ಎನ್ನುತ್ತದೆ. ಪಂಚಾಯಿತಿ ಮತ್ತು ನಗರಗಳ ನಡುವೆ ನೀರು ಹಂಚಿಕೆಯಂಥ ಜಂಟಿ ವಿಷಯಗಳನ್ನು ನೋಡುವುದು ಅದರ ಕೆಲಸಗಳಲ್ಲೊಂದು. ದಂಡು ಪ್ರದೇಶದ ಜನವಸತಿ ಭಾಗವನ್ನು ಪಾಲಿಕೆಗೆ ಸೇರಿಸುವ ಪ್ರಸ್ತಾಪವೂ ಎದ್ದಿದೆ. ಹಸ್ತಾಂತರದ ಮಾತುಕತೆಯಲ್ಲಿ ಆಸ್ತಿ, ತೆರಿಗೆಯ ಜೊತೆಗೆ ಮಳೆನೀರಿನ ಗಟಾರಗಳ ನಕ್ಷೆಯೂ ಮೇಜಿನ ಮೇಲೆ ಬರಲಿ. ಖರ್ಚು ಹಂಚುವಾಗ ಯಾರ ಗಡಿಯಿಂದ ಎಷ್ಟು ನೀರು ನಾಲಾಕ್ಕೆ ಇಳಿಯುತ್ತದೆ ಎಂದು ಅಳೆದು ಪಾಲು ಹಾಕಲಿ. ಆ ಲೆಕ್ಕದಲ್ಲಿ ಎರಡನೇ ಸಲ ನಾಟಿ ಮಾಡಿದ ಗದ್ದೆಗಳೂ ಸೇರಲಿ.