ಗಾಳ ಹಾಕುವವರ ‘ಸ್ಟ್ರಕ್ಚರ್’: ಜೆಟ್ಟಿಯ ಮೇಲಿಂದ ನೀರಿನ ತಳ ಹುಡುಕುವುದು

ಮೀನು ಹಿಡಿಯುವ ವಿಡಿಯೊಗಳನ್ನು ನೋಡುವವರಿಗೆ ಈ ಪದ ಹೊಸದಲ್ಲ. ‘ಇಲ್ಲಿ ಒಳ್ಳೆ ಸ್ಟ್ರಕ್ಚರ್ ಇದೆ’, ‘ಸ್ಟ್ರಕ್ಚರ್ ಹತ್ರ ಹಾಕಿ’ ಅಂತ ಹೇಳುತ್ತಲೇ ಇರುತ್ತಾರೆ. ನಿಘಂಟು ತೆಗೆದರೆ ‘ರಚನೆ’, ‘ಕಟ್ಟಡ’ ಅಂತ ಸಿಗುತ್ತದೆ. ‘ನೀರೊಳಗಿನ ಕಟ್ಟಡ’ ಅಂದರೆ ನಮಗೆ ನೆನಪಾಗುವುದು ಕೆಆರ್‌ಎಸ್‌ನಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನ, ಇಲ್ಲಾ ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗುವ ಶೆಟ್ಟಿಹಳ್ಳಿ ಚರ್ಚು. ಗಾಳ ಹಾಕುವವರ ಲೆಕ್ಕದಲ್ಲಿ ಇವೂ ಸ್ಟ್ರಕ್ಚರೇ. ಆದರೆ ಮನುಷ್ಯ ಒಂದು ಕಲ್ಲೂ ಇಡದ ಕಡೆಯಲ್ಲೂ ಸ್ಟ್ರಕ್ಚರ್ ಇರುತ್ತದೆ.

ಸರಳವಾಗಿ ಹೇಳುವುದಾದರೆ, ನೀರಿನ ತಳ ಒಂದೇ ಸಮ ಇದ್ದದ್ದು ಎಲ್ಲಿ ಬದಲಾಗುತ್ತದೋ ಆ ಜಾಗವೇ ಸ್ಟ್ರಕ್ಚರ್. ಸಪಾಟು ಮರಳು ಹಠಾತ್ತನೆ ಇಳಿಯುವ ಜಾಗ. ಮರಳು ಮುಗಿದು ಕಲ್ಲು ಶುರುವಾಗುವ ಜಾಗ. ನೀರಿನಡಿಯ ದಿಬ್ಬ, ಎರಡು ದಿಬ್ಬದ ನಡುವಿನ ಕಾಲುವೆ, ಮುಳುಗಿದ ದೋಣಿ, ಕಂಬದ ಬುಡದ ಗುಂಡಿ. ಕನ್ನಡದಲ್ಲಿ ಇದಕ್ಕೆ ಪದಗಳಿಲ್ಲ ಅಂತಲ್ಲ. ನದಿಯ ಆಳದ ಜಾಗಕ್ಕೆ ‘ಮಡು’ ಅನ್ನುತ್ತೇವೆ. ದಕ್ಷಿಣ ಕನ್ನಡದ ಕಡೆ ‘ಕಯ’ ಅಂತಲೂ ಇದೆ. ದಿಣ್ಣೆ, ಸುಳಿ, ಅಳಿವೆ ಎಲ್ಲವೂ ಇವೆ. ಇವನ್ನೆಲ್ಲ ಒಟ್ಟಿಗೆ ಹಿಡಿದು ಕರೆಯುವ ಒಂದು ಹೆಸರು ಮಾತ್ರ ಇರಲಿಲ್ಲ. ಅದಕ್ಕೇ ಇಂಗ್ಲಿಷ್ ಪದ ಹಾಗೇ ಉಳಿದುಕೊಂಡಿತು ಅನ್ನಿಸುತ್ತದೆ.

ಈ ಪದವನ್ನು ಮೀನುಗಾರಿಕೆಯಲ್ಲಿ ಜನಪ್ರಿಯ ಮಾಡಿದವರು ಅಮೆರಿಕದ ಬಕ್ ಪೆರಿ. ಉತ್ತರ ಕ್ಯಾರೊಲೈನಾದ ಹಿಕರಿ ಎಂಬ ಊರಿನವರು. ಎರಡನೇ ಮಹಾಯುದ್ಧದ ನಂತರದ ವರ್ಷಗಳಲ್ಲಿ ‘ಸ್ಪೂನ್‌ಪ್ಲಗ್’ ಅನ್ನುವ ಒಂದು ಲೋಹದ ಗಾಳ ಮಾಡಿದರು. ದೋಣಿಯ ಹಿಂದೆ ಎಳೆದುಕೊಂಡು ಹೋದರೆ ಅದು ತಳಕ್ಕೆ ತಾಗುತ್ತಾ ಸಾಗುತ್ತಿತ್ತು. ಮೀನು ಸಿಕ್ಕರೆ ಸರಿ, ಸಿಗದಿದ್ದರೂ ಕೆರೆಯ ತಳ ಎಲ್ಲಿ ಏರಿದೆ, ಎಲ್ಲಿ ಇಳಿದಿದೆ ಅನ್ನುವುದು ಕೈಗೆ ಗೊತ್ತಾಗುತ್ತಿತ್ತು. ಶಬ್ದ ಕಳಿಸಿ, ಅದರ ಪ್ರತಿಧ್ವನಿಯಿಂದ ತಳ ಅಳೆಯುವ ಸೋನಾರ್ ಪೆಟ್ಟಿಗೆಗಳು ದೋಣಿಗಳಿಗೆ ಬರುವ ಮೊದಲಿನ ಮಾತು ಇದು.

ಪೆರಿ ಪದವನ್ನು ಬಿಗಿಯಾಗಿ ಬಳಸುತ್ತಿದ್ದರು. ತಳದ ಆಕಾರ ಮಾತ್ರ ಸ್ಟ್ರಕ್ಚರ್. ಅದರ ಮೇಲೆ ಇರುವ ಕಳೆ, ಮರದ ದಿಮ್ಮಿ, ಪೊದೆ ಇವೆಲ್ಲ ಬೇರೆ. ಇವಕ್ಕೆ ಇಂಗ್ಲಿಷ್‌ನಲ್ಲಿ ‘ಕವರ್’ ಅನ್ನುತ್ತಾರೆ, ನಾವು ‘ಮರೆ’ ಅನ್ನಬಹುದು. ಈಗಿನವರು ಎರಡನ್ನೂ ಕಲಸಿಬಿಟ್ಟಿದ್ದಾರೆ. ಜೆಟ್ಟಿಯ ಕಂಬಕ್ಕೂ ಸ್ಟ್ರಕ್ಚರ್, ಕಸದ ರಾಶಿಗೂ ಸ್ಟ್ರಕ್ಚರ್. ನನಗೇನೂ ಅದು ದೊಡ್ಡ ಅಪರಾಧ ಅನ್ನಿಸುವುದಿಲ್ಲ. ಕೆರೆಯಲ್ಲಿ ದಿಮ್ಮಿ ಕೊಳೆತು ಹೋಗುತ್ತದೆ, ತಳದ ಆಕಾರ ಉಳಿಯುತ್ತದೆ. ಹಾಗಾಗಿ ಪೆರಿ ಆಕಾರವನ್ನೇ ಹಿಡಿದರು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಕಥೆ ಉಲ್ಟಾ. ಇಲ್ಲಿ ಕಂಬ ಹಾಗೇ ನಿಂತಿರುತ್ತದೆ, ತಳ ಬದಲಾಗುತ್ತದೆ. ಮಳೆಗಾಲದ ಅಲೆಗಳು ತೀರದ ಮರಳನ್ನು ಎಳೆದು ಸಮುದ್ರದೊಳಗೆ ದಿಬ್ಬ ಮಾಡುತ್ತವೆ. ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದೇ ಮರಳನ್ನು ನಿಧಾನಕ್ಕೆ ದಡಕ್ಕೆ ತಂದು ಹಾಕುತ್ತವೆ. ಮೇ ತಿಂಗಳಲ್ಲಿ ಮೀನು ಕೊಟ್ಟ ಗುಂಡಿ ಅಕ್ಟೋಬರ್‌ನಲ್ಲಿ ಅಲ್ಲಿರುತ್ತದೆ ಅಂತ ಗ್ಯಾರಂಟಿ ಇಲ್ಲ.

ಮೀನಿಗೆ ಈ ಜಾಗಗಳ ಮೇಲೆ ಯಾಕೆ ಅಷ್ಟು ಆಸೆ? ಹೊಟ್ಟೆಪಾಡು. ಹರಿಯುವ ನೀರಿನಲ್ಲಿ ಸುಮ್ನೆ ನಿಲ್ಲಬೇಕಾದರೂ ಮೀನು ಈಜುತ್ತಲೇ ಇರಬೇಕು. ಕಲ್ಲಿನ ಹಿಂದೆ, ಗುಂಡಿಯೊಳಗೆ ಸೆಳೆತ ಕಮ್ಮಿ. ಅಲ್ಲಿ ನಿಂತರೆ ಶಕ್ತಿ ಉಳಿಯುತ್ತದೆ. ಪಕ್ಕದಲ್ಲೇ ಓಡುವ ನೀರು ಸಣ್ಣ ಮೀನು, ಸಿಗಡಿಗಳನ್ನು ಹೊತ್ತು ತರುತ್ತದೆ. ಗಬಕ್ಕನೆ ಹಿಡಿದು ಮತ್ತೆ ಮರೆಗೆ ಬರುವುದು. ಕೆಂಬೇರಿ, ಮುರು ಮೀನು ಬದುಕುವುದೇ ಹೀಗೆ. ಕಾಣೆಯದು ಬೇರೆ ಜಾತಕ. ಅದಕ್ಕೆ ಬೇಕಾದ್ದು ಮರಳು. ಕಾಣೆಗೆ ಗಾಳ ಹಾಕುವವರು ಕಲ್ಲಿನ ಹತ್ತಿರ ಹೋಗಿ ಪ್ರಯೋಜನವಿಲ್ಲ. ಅವರ ಸ್ಟ್ರಕ್ಚರ್ ಅಂದರೆ ಮರಳ ದಿಬ್ಬದ ಅಂಚು, ಅದರ ಪಕ್ಕದ ಕಾಲುವೆ. ಯಾವ ಮೀನು ಬೇಕು ಅಂತ ಮೊದಲು ತೀರ್ಮಾನ ಮಾಡಿ, ಆಮೇಲೆ ಸ್ಟ್ರಕ್ಚರ್ ಹುಡುಕಬೇಕು.

ಈಗ ಜೆಟ್ಟಿಗೆ ಬರೋಣ. ದೋಣಿಯವರು ಸ್ಟ್ರಕ್ಚರ್ ಇರುವ ಕಡೆಗೆ ಹೋಗುತ್ತಾರೆ. ಜೆಟ್ಟಿಯವರಿಗೆ ಆ ಭಾಗ್ಯ ಇಲ್ಲ. ಎಸೆದಷ್ಟು ದೂರವೇ ಅವರ ಪ್ರಪಂಚ. ಆದರೆ ಕಾಲಡಿಯಲ್ಲೇ ಒಂದು ದೊಡ್ಡ ಸ್ಟ್ರಕ್ಚರ್ ಇದೆ, ಜೆಟ್ಟಿಯೇ! ಹೊಸಬರು ಇದನ್ನು ಮರೆತು, ಇರುವ ಬಲವನ್ನೆಲ್ಲ ಹಾಕಿ ದೂರಕ್ಕೆ ಎಸೆಯುತ್ತಾರೆ. ಪಕ್ಕದಲ್ಲಿ ಒಬ್ಬ ಹುಡುಗ ಕಂಬದ ಬುಡಕ್ಕೆ ಗಾಳ ಇಳಿಸಿ ಕೆಂಬೇರಿ ಎತ್ತುತ್ತಾನೆ. ಕಂಬದ ಮೈಮೇಲೆ ಪಚ್ಚಿಲೆ, ಸಿಂಪಿ, ಪಾಚಿ ಬೆಳೆದಿರುತ್ತದೆ. ಅದನ್ನು ತಿನ್ನಲು ಏಡಿ, ಸಣ್ಣ ಮೀನು ಬರುತ್ತವೆ. ಅವನ್ನು ತಿನ್ನಲು ದೊಡ್ಡದು ಬರುತ್ತದೆ. ಇನ್ನು ನೀರು ಕಂಬಕ್ಕೆ ಬಡಿದು ಕೆಳಕ್ಕೆ ತಿರುಗಿ, ಬುಡದ ಸುತ್ತ ಸುಳಿಯಾಗಿ ಮರಳನ್ನು ಕೊರೆಯುತ್ತದೆ. ಹಾಗೆ ಆಗುವ ಗುಂಡಿ ಸಾಮಾನ್ಯವಾಗಿ ಕಂಬದ ದಪ್ಪದಷ್ಟು, ಇಲ್ಲಾ ಅದಕ್ಕಿಂತ ಸ್ವಲ್ಪ ಜಾಸ್ತಿ ಆಳ ಇರುತ್ತದೆ. ಒಂದು ಮೀಟರ್ ದಪ್ಪದ ಕಂಬ ಅಂದುಕೊಳ್ಳಿ. ಸಪಾಟು ತಳದಲ್ಲಿ ಅಷ್ಟು ಗುಂಡಿ ಮೀನಿಗೆ ಒಂದು ಮನೆಯೇ.

ಇದೆಲ್ಲ ಕಂಬಗಳ ಮೇಲೆ ನಿಂತ, ಅಡಿಯಲ್ಲಿ ನೀರು ಹಾಯುವ ಜೆಟ್ಟಿಯ ಮಾತು. ಮಂಗಳೂರಿನ ದಕ್ಕೆಯಂತೆ ನೇರ ಗೋಡೆ ಇರುವ ಕಡೆ ನೀರು ಗೋಡೆಯ ಉದ್ದಕ್ಕೂ ಓಡುತ್ತದೆ. ಅಲ್ಲಿ ಗೋಡೆ ಮುಗಿಯುವ ಮೂಲೆ ನೋಡಬೇಕು. ಅಳಿವೆ ಬಾಗಿಲಿನ ಬ್ರೇಕ್‌ವಾಟರ್ (ಅಲೆ ತಡೆಯಲು ಹಾಕಿದ ಕಲ್ಲಿನ ದಂಡೆ) ಕಲ್ಲುಗಳ ನಡುವೆ ಇರುವಷ್ಟು ಸಂದುಗೊಂದು ಬೇರೆಲ್ಲೂ ಇರುವುದಿಲ್ಲ. ಗಾಳ ಮುಳುಗಲೆಂದು ದಾರಕ್ಕೆ ಕಟ್ಟುವ ಸೀಸದ ತೂಕವನ್ನು ನುಂಗುವುದರಲ್ಲೂ ಅದನ್ನು ಮೀರಿಸುವ ಜಾಗ ಇಲ್ಲ.

ಜೆಟ್ಟಿಯೇ ಸಾಕಾಗದಿದ್ದರೆ ಸುತ್ತಲಿನ ತಳ ಹುಡುಕಬೇಕು. ಮೊದಲ ಉಪಕರಣ ಕಣ್ಣು, ಮತ್ತು ಪಂಚಾಂಗ. ಹೌದು, ಪಂಚಾಂಗ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರದ ನೀರು ಅತಿ ಮೇಲಕ್ಕೆ ಬರುತ್ತದೆ, ಇಳಿತದ ನೀರು ಅತಿ ಕೆಳಕ್ಕೆ ಹೋಗುತ್ತದೆ. ಮಂಗಳೂರಿನ ಕಡೆ ಈ ಅಂತರ ಹೆಚ್ಚೆಂದರೆ ಒಂದೂವರೆ ಮೀಟರ್ ಆಸುಪಾಸು. ಆದರೆ ಉಳಿದ ದಿನ ಮುಚ್ಚಿಕೊಂಡಿರುವ ಕಲ್ಲು, ದಿಬ್ಬದ ಬೆನ್ನು ಅವತ್ತು ಹೊರಗೆ ಬರಲು ಅಷ್ಟು ಸಾಕು. ಅಂಥ ದಿನ ಗಾಳ ಮನೆಯಲ್ಲಿಟ್ಟು, ಸುಮ್ನೆ ಮೊಬೈಲ್ ಹಿಡಿದು ಹೋಗಿ. ಇಳಿತದ ಸಮಯಕ್ಕೆ ಜೆಟ್ಟಿಯ ಎರಡೂ ಬದಿಯ ಫೋಟೊ ತೆಗೆದುಕೊಳ್ಳಿ. ಉಬ್ಬರದಲ್ಲಿ ಅದೇ ಜಾಗಕ್ಕೆ ಎಸೆಯುವಾಗ ಆ ಫೋಟೊದ ಬೆಲೆ ಗೊತ್ತಾಗುತ್ತದೆ.

ಅಲೆಯೂ ಹೇಳುತ್ತದೆ. ಅಲೆ ಒಡೆಯುವುದು ನೀರು ಆಳ ಕಳೆದುಕೊಂಡಾಗ. ಲೆಕ್ಕ ಹೀಗೆ: ಅಲೆಯ ಎತ್ತರ ನೀರಿನ ಆಳದ ಸುಮಾರು 0.78 ಪಾಲು ಆದಾಗ ಅದು ಮಗುಚುತ್ತದೆ. ಅಂದರೆ 1 ಮೀಟರ್ ಎತ್ತರದ ಅಲೆ ಸುಮಾರು 1.3 ಮೀಟರ್ ಆಳದಲ್ಲಿ ಒಡೆಯುತ್ತದೆ. ದಡದಿಂದ ದೂರ, ಸಮುದ್ರದ ನಡುವೆ ಅಲೆ ಒಡೆದು ಬಿಳಿಯಾದರೆ ಅಲ್ಲಿ ದಿಬ್ಬ ಇದೆ. ಅದೇ ಅಲೆ ಮುಂದೆ ಬಂದು ಮತ್ತೆ ಸಪ್ಪಗಾದರೆ ದಿಬ್ಬದ ಹಿಂದೆ ಕಾಲುವೆ ಇದೆ. ಗಾಳ ಬೀಳಬೇಕಾದ್ದು ಆ ಸಪ್ಪಗಾದ ಜಾಗಕ್ಕೆ. ಒಡೆಯುವ ಅಲೆಗಳ ಸಾಲಿನ ಮಧ್ಯೆ ಒಂದು ಕಡೆ ಮಾತ್ರ ಅಲೆ ಒಡೆಯದೆ, ನೊರೆ ಮತ್ತು ಕೆಸರು ಸಮುದ್ರದ ಕಡೆಗೆ ಹೋಗುತ್ತಿದ್ದರೆ ಅಲ್ಲಿ ದಿಬ್ಬ ತುಂಡಾಗಿದೆ. ಮೀನಿಗೆ ಅದು ಹೆದ್ದಾರಿ. ಈಜಲು ಇಳಿಯುವವರಿಗೆ ಅದೇ ಸೆಳೆತದ ಜಾಗ, ಜನ ಮುಳುಗುವುದು ಹೆಚ್ಚಾಗಿ ಅಲ್ಲೇ. ಜೆಟ್ಟಿಯ ಮೇಲೆ ನಿಂತವರಿಗೆ ಅದು ದಡದವರಿಗಿಂತ ಚೆನ್ನಾಗಿ ಕಾಣುತ್ತದೆ. ಯಾರಾದರೂ ಅಲ್ಲಿ ನೀರಿಗೆ ಇಳಿಯುತ್ತಿದ್ದರೆ ಕೂಗಿ ಹೇಳಿ.

ಕಣ್ಣಿಗೆ ಕಾಣದ್ದನ್ನು ಸೀಸ ಹೇಳುತ್ತದೆ. ನನಗೆ ಇಡೀ ವಿಷಯದಲ್ಲಿ ಅತಿ ಇಷ್ಟದ ಭಾಗ ಇದು. ಹಳೆಯ ಕಾಲದ ಹಡಗಿನವರು ದಾರಕ್ಕೆ ಸೀಸದ ಗುಂಡು ಕಟ್ಟಿ ಇಳಿಸಿ ಆಳ ಅಳೆಯುತ್ತಿದ್ದರು. ಗುಂಡಿನ ಅಡಿಯಲ್ಲಿ ಒಂದು ಕುಳಿ, ಅದರಲ್ಲಿ ಕೊಬ್ಬು ಮೆತ್ತಿರುತ್ತಿತ್ತು. ತಳದ ಮರಳೋ ಚಿಪ್ಪೋ ಅದಕ್ಕೆ ಅಂಟಿ ಮೇಲೆ ಬರುತ್ತಿತ್ತು. ಅವರ ಅಳತೆ ‘ಫ್ಯಾದಮ್’, ಎರಡೂ ಕೈ ಚಾಚಿದಷ್ಟು ಉದ್ದ. ನಮ್ಮ ‘ಮಾರು’ ಕೂಡ ಅದೇ ಅಲ್ವಾ? ಎರಡೂ ಊರಲ್ಲಿ ಹಗ್ಗ ಎಳೆಯುವವರ ಕೈ ಒಂದೇ ಥರ ಲೆಕ್ಕ ಹಾಕಿದೆ.

ಜೆಟ್ಟಿಯಲ್ಲಿ ಇದನ್ನು ಮಾಡಲು ಗಾಳ ಬೇಡ, ಎರೆ ಬೇಡ. ದಾರದ ತುದಿಗೆ ಬರೀ ಒಂದು ಸೀಸ ಕಟ್ಟಿ. ಎಸೆಯಿರಿ. ನೀರಿಗೆ ಬಿದ್ದ ತಕ್ಷಣ ಎಣಿಸಲು ಶುರು ಮಾಡಿ. ದಾರ ಸಡಿಲವಾದರೆ ತಳ ಮುಟ್ಟಿತು ಅಂತ ಅರ್ಥ. ಒಂದು ಕಡೆ ಐದು ಎಣಿಕೆ, ಸ್ವಲ್ಪ ಆಚೆ ಎಂಟು ಎಣಿಕೆ ಬಂದರೆ ನಡುವೆ ಇಳಿಜಾರು ಇದೆ. ಎಷ್ಟು ಮೀಟರ್ ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಎಣಿಕೆ ಬದಲಾಗುವುದಷ್ಟೇ ಮುಖ್ಯ. ಸೀಸ ಮಾತ್ರ ಪ್ರತಿ ಸಲವೂ ಅದೇ ತೂಕದ್ದಿರಬೇಕು.

ಆಮೇಲೆ ನಿಧಾನವಾಗಿ ಎಳೆಯಿರಿ. ರೀಲಿನಲ್ಲಿ ಅಲ್ಲ, ಕೋಲನ್ನು ಪಕ್ಕಕ್ಕೆ ಎಳೆದು. ಮರಳಾದರೆ ಸೀಸ ನುಣ್ಣಗೆ ಜಾರಿ ಬರುತ್ತದೆ. ಕೆಸರಾದರೆ ಮೊದಲು ಹಿಡಿದು, ಪಚಕ್ಕನೆ ಬಿಡುತ್ತದೆ. ಜಲ್ಲಿಯಾದರೆ ಟಿಕ್ ಟಿಕ್ ಅಂತ ಕೋಲಿನ ಬುಡದವರೆಗೂ ಬರುತ್ತದೆ. ಚಿಪ್ಪಿನ ಹಾಸು ಇದ್ದರೆ ಗರಗರ. ಕಳೆಯಾದರೆ ಭಾರವಾಗಿ ಮೆತ್ತಗೆ ಜಗ್ಗುತ್ತದೆ. ಕಲ್ಲಾದರೆ ತಟ್ಟನೆ ನಿಲ್ಲುತ್ತದೆ. ನಿಂತಲ್ಲಿಂದ ಬಂದರೆ ನಿಮ್ಮ ಅದೃಷ್ಟ. ಹೆಣೆದ ದಾರ ಹಿಗ್ಗುವುದಿಲ್ಲ, ಹಾಗಾಗಿ ಸುದ್ದಿ ಚೆನ್ನಾಗಿ ಮುಟ್ಟಿಸುತ್ತದೆ. ಸಾದಾ ನೈಲಾನ್ ರಬ್ಬರಿನಂತೆ ಹಿಗ್ಗಿ ಅರ್ಧ ಸುದ್ದಿಯನ್ನು ದಾರಿಯಲ್ಲೇ ತಿಂದುಬಿಡುತ್ತದೆ.

ನಾನು ಈ ಪಾಠ ಕಲಿತದ್ದು ದುಬಾರಿಯಾಗಿ. ಒಂದು ಬೆಳಿಗ್ಗೆ ಒಂದೇ ದಿಕ್ಕಿಗೆ ಎಸೆದು ಸಾಲಾಗಿ ನಾಲ್ಕು ಸೀಸ ಕಳೆದುಕೊಂಡೆ. ಐದನೆಯದು ಕಟ್ಟುವಾಗ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಬೀಡಿ ಕೆಳಗಿಟ್ಟು ಹೇಳಿದರು: ‘ಅಲ್ಲಿ ಹಳೇ ದೋಣಿ ಉಂಟು ಮಾರಾಯ್ರೆ. ಸಮುದ್ರಕ್ಕೆ ಎಷ್ಟು ಸೀಸ ಕೊಡ್ತೀರಿ? ನಾಲ್ಕು ಮಾರು ಈಚೆ ಹಾಕಿ.’ ನನಗೆ ಅದು ಬರೀ ಸಿಕ್ಕಿಕೊಳ್ಳುವ ಜಾಗ. ಅವರಿಗೆ ಅದೇ ಸ್ಟ್ರಕ್ಚರ್, ಆ ಪದ ಅವರು ಕೇಳಿರದಿದ್ದರೂ. ಸ್ಟ್ರಕ್ಚರ್ ಸಿಕ್ಕಿದ ಮೇಲೆ ಅದರ ಮೇಲೆ ಎಸೆಯಬಾರದು, ಅಂಚಿಗೆ ಎಸೆಯಬೇಕು ಅನ್ನುವುದು ಅವತ್ತು ತಲೆಗೆ ಹೋಯಿತು. ಮೀನು ಹೊರಗೆ ಬಂದು ತಿನ್ನುತ್ತದೆ. ನೀವು ಒಳಗೆ ಹೋಗಬೇಕಾಗಿಲ್ಲ.

ಈಗ ಎಸೆಯುವ ಸೋನಾರ್ ಕೂಡ ಬಂದಿದೆ. ಲಿಥುವೇನಿಯಾದ ಡೀಪರ್ ಕಂಪನಿಯದು ಹೆಸರುವಾಸಿ. ಚೆಂಡಿನ ಥರದ ಯಂತ್ರವನ್ನು ದಾರಕ್ಕೆ ಕಟ್ಟಿ ಎಸೆದರೆ ತಳದ ಚಿತ್ರ ಮೊಬೈಲಿಗೆ ಬರುತ್ತದೆ. ಒಳ್ಳೆಯದೇ. ಆದರೆ ಅಲೆ ಜೋರಾಗಿರುವ ಕಡೆ ಅದು ಕುಣಿಯುತ್ತದೆ, ಕಂಬಗಳ ಹತ್ತಿರ ಪ್ರತಿಧ್ವನಿ ಗೊಂದಲ ಮಾಡುತ್ತದೆ. ಜೆಟ್ಟಿಯ ಎತ್ತರದಿಂದ ಸಾವಿರಾರು ರೂಪಾಯಿಯ ಚೆಂಡನ್ನು ಎಸೆಯುವಾಗ ಎದೆ ಡವಗುಟ್ಟುವುದು ಬೇರೆ.

ಕೆಲವು ಕಡೆ ಸ್ಟ್ರಕ್ಚರ್ ಎಷ್ಟು ದೊಡ್ಡದು ಅಂದರೆ ಊರಿನ ಚರಿತ್ರೆಯನ್ನೇ ಬದಲಿಸಿದೆ. ಕ್ಯಾಲಿಫೋರ್ನಿಯಾದ ರೆಡೊಂಡೊ ಬೀಚಿನ ಮುಂದೆ ಸಮುದ್ರದೊಳಗೆ ಒಂದು ಕಣಿವೆ ಇದೆ. ದಡದ ಹತ್ತಿರದಿಂದಲೇ ಶುರುವಾಗುತ್ತದೆ. 19ನೇ ಶತಮಾನದ ಕೊನೆಯಲ್ಲಿ ಹಡಗುಗಳಿಗಾಗಿ ಅಲ್ಲಿ ಪಿಯರ್ (ಕಂಬಗಳ ಮೇಲಿನ ಉದ್ದ ಜೆಟ್ಟಿ) ಕಟ್ಟಿದ್ದಕ್ಕೆ ಒಂದು ಕಾರಣ ದಡದ ಪಕ್ಕದಲ್ಲೇ ಇದ್ದ ಆ ಆಳ. ಆಳದ ಮೀನು ದಡದ ಹತ್ತಿರ ಬರುವುದೂ ಅದೇ ಕಣಿವೆಯಿಂದ. ಆ ರಾಜ್ಯದಲ್ಲಿ ಸಾರ್ವಜನಿಕ ಸಮುದ್ರ ಪಿಯರ್ ಮೇಲಿಂದ ಗಾಳ ಹಾಕಲು ಲೈಸೆನ್ಸ್ ಬೇಡ. ಎಷ್ಟು, ಯಾವ ಅಳತೆಯ ಮೀನು ಹಿಡಿಯಬಹುದು ಅನ್ನುವ ನಿಯಮ ಮಾತ್ರ ಇದ್ದೇ ಇದೆ. ಅಲ್ಲಿರುವ ನಮ್ಮವರು ಒಂದು ಭಾನುವಾರ ಹೋಗಿ ನೋಡಬಹುದು.

ರಾತ್ರಿ ಇನ್ನೊಂದು ಥರದ ‘ಸ್ಟ್ರಕ್ಚರ್’ ಹುಟ್ಟುತ್ತದೆ. ಜೆಟ್ಟಿಯ ದೀಪ ನೀರಿನ ಮೇಲೆ ಬೀಳುತ್ತದೆ, ಜೆಟ್ಟಿಯ ನೆರಳೂ ಬೀಳುತ್ತದೆ. ಬೆಳಕಿಗೆ ಸಣ್ಣ ಮೀನು ಸೇರುತ್ತವೆ. ದೊಡ್ಡವು ನೆರಳಿನಲ್ಲಿ ನಿಂತು ಕಾಯುತ್ತವೆ. ಬಕ್ ಪೆರಿ ಇದನ್ನು ಒಪ್ಪುತ್ತಿರಲಿಲ್ಲ, ನೆರಳಿಗೆ ಎಂಥ ತಳ! ಆದರೂ ಎರೆಯನ್ನು ಕತ್ತಲೆ–ಬೆಳಕಿನ ಗೆರೆಯ ಮೇಲೆ ತೇಲಿಸುವವರು ಖಾಲಿ ಕೈಯಲ್ಲಿ ಹೋಗುವುದು ಕಮ್ಮಿ.

ಹುಡುಕಿದ್ದನ್ನು ಬರೆದಿಡಬೇಕು. ದೋಣಿಯವರು ದಡದ ಎರಡು ಗುರುತು ಒಂದೇ ಗೆರೆಗೆ ಬರುವುದನ್ನು ನೋಡಿ ಜಾಗ ಗುರುತಿಸುತ್ತಾರೆ. ಜೆಟ್ಟಿಯವರಿಗೆ ಇನ್ನೂ ಸುಲಭ. ಯಾವ ಕಂಬದ ಹತ್ತಿರ ನಿಂತಿದ್ದೀರಿ, ಯಾವ ಗುರುತಿನ ಕಡೆ ಎಸೆದಿರಿ, ತಿರುಗಿ ಎಳೆಯಲು ರೀಲಿನ ಹಿಡಿ ಎಷ್ಟು ಸುತ್ತು ಬೇಕಾಯಿತು. ಇಷ್ಟು ಸಾಕು. ಸಾಧಾರಣ ರೀಲಿನಲ್ಲಿ ಒಂದು ಸುತ್ತಿಗೆ 70 ಸೆಂ.ಮೀ. ಆಸುಪಾಸು ದಾರ ಬರುತ್ತದೆ, ಹಾಗಾಗಿ 40 ಸುತ್ತು ಅಂದರೆ 28 ಮೀಟರ್. ನನ್ನ ಪುಸ್ತಕದಲ್ಲಿ ಕೊನೆಯ ಸಾಲು ಹೀಗಿದೆ: ‘ಏಳನೇ ಕಂಬ, ಬಾಗಿದ ತೆಂಗಿನ ಮರದ ಕಡೆ, 40 ಸುತ್ತು, ಹಳೇ ದೋಣಿ. 34ಕ್ಕೆ ಹಾಕು.’ ಅದರ ಮುಂದೆ ತಿಂಗಳು ಬರೆದಿದ್ದೇನೆ, ಏಪ್ರಿಲ್. ಮಳೆ ಮುಗಿದ ಮೇಲೆ ಮತ್ತೆ ಬರೀ ಸೀಸ ಕಟ್ಟಿಕೊಂಡು ಹೋಗಬೇಕು, ದೋಣಿಯ ಪಕ್ಕದ ಗುಂಡಿ ಅಲ್ಲೇ ಇದೆಯೋ ಇಲ್ಲವೋ ನೋಡಲು.