ಮಾನಿಟರ್ ಸೆಟ್ಟಿಂಗ್ ಮರೆತುಹೋಗುವುದು ಬ್ಯಾಟರಿ ಸತ್ತಿದ್ದಕ್ಕಾ?

ಪ್ರಶ್ನೆ: ನನ್ನದು ಹಳೇ ಕಂಪ್ಯೂಟರ್, ವಿಂಡೋಸ್ 10. ಎರಡು ಮಾನಿಟರ್ ಇವೆ, ಒಂದಕ್ಕೆ ಹಳೇ ಬಗೆಯ ವಿಜಿಎ ಕೇಬಲ್, ಇನ್ನೊಂದಕ್ಕೆ ಎಚ್‌ಡಿಎಂಐ. ರಾತ್ರಿ ಎಲ್ಲ ಸರಿ ಮಾಡಿ ಮಲಗಿದರೆ ಬೆಳಿಗ್ಗೆ ಎಡದ್ದು ಬಲಕ್ಕೆ ಹೋಗಿರುತ್ತದೆ, ಇಲ್ಲವೇ ಎರಡರಲ್ಲೂ ಒಂದೇ ಚಿತ್ರ. ಮದರ್‌ಬೋರ್ಡ್ ಮೇಲಿರುವ ಸಿಮಾಸ್ ಬ್ಯಾಟರಿ ಬದಲಿಸಬೇಕಾ?

ಉತ್ತರ: ಬೇಡ. ಎಷ್ಟು ಸಲ ಬೇಡ ಅಂದಿದ್ದೇನೋ ಲೆಕ್ಕವಿಲ್ಲ. ಆದರೂ ಜನ ಅಂಗಡಿಗೆ ಹೋಗಿ ಆ ನಾಣ್ಯದಂಥ ಬ್ಯಾಟರಿ ಹಾಕಿಸಿಕೊಂಡು ಬಂದು, "ಸಾರ್, ನಾಲ್ಕು ದಿನ ಚೆನ್ನಾಗಿತ್ತು, ಮತ್ತೆ ಹಾಗೇ ಆಯ್ತು" ಎನ್ನುತ್ತಾರೆ.

ಆ ಬ್ಯಾಟರಿಗೆ (ಸಾಮಾನ್ಯವಾಗಿ ಅದರ ಮೇಲೆ ಸಿಆರ್2032 ಎಂದಿರುತ್ತದೆ) ಇರುವುದು ಎರಡೇ ಕೆಲಸ. ಕರೆಂಟ್ ಇಲ್ಲದಾಗ ಗಡಿಯಾರ ಓಡಿಸುವುದು, ಬಯೋಸ್ (ವಿಂಡೋಸ್‌ಗಿಂತ ಮೊದಲು ಎದ್ದು ಕಂಪ್ಯೂಟರನ್ನು ಎಬ್ಬಿಸುವ ಪ್ರೋಗ್ರಾಂ) ಸೆಟ್ಟಿಂಗ್ ಉಳಿಸುವುದು. ಯಾವ ಮಾನಿಟರ್ ಎಡಕ್ಕೆ, ಯಾವುದು ಮುಖ್ಯ, ರೆಸಲ್ಯೂಶನ್ (ಪರದೆಯ ಚುಕ್ಕಿಗಳ ಲೆಕ್ಕ) ಎಷ್ಟು ಎಂಬುದನ್ನೆಲ್ಲ ವಿಂಡೋಸ್ ತನ್ನ ಸೆಟ್ಟಿಂಗ್‌ಗಳ ದಫ್ತರವಾದ ರಿಜಿಸ್ಟ್ರಿಯಲ್ಲಿ ಬರೆದಿಡುತ್ತದೆ. ರಿಜಿಸ್ಟ್ರಿ ಇರುವುದು ಹಾರ್ಡ್ ಡಿಸ್ಕ್‌ನಲ್ಲಿ. ಬ್ಯಾಟರಿ ಕಿತ್ತು ಜೇಬಿಗೆ ಹಾಕಿಕೊಂಡರೂ ಅದು ಅಳಿಯುವುದಿಲ್ಲ. ಬ್ಯಾಟರಿ ನಿಜಕ್ಕೂ ಸತ್ತಿದ್ದರೆ ಆನ್ ಮಾಡಿದ ಕೂಡಲೇ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ನಿಮ್ಮ ಗಡಿಯಾರ ಸರಿಯಾಗಿದೆ ತಾನೇ? ಮತ್ತೇಕೆ ಅದರ ಮೇಲೆ ಅನುಮಾನ?

ಹಾಗಾದರೆ ಆ ನಾಲ್ಕು ದಿನ ಹೇಗೆ ಸರಿಹೋಯಿತು? ಬ್ಯಾಟರಿ ಹಾಕಲು ಕೇಬಲ್ ಎಲ್ಲ ಕಿತ್ತು, ಮತ್ತೆ ಗಟ್ಟಿಯಾಗಿ ಚುಚ್ಚಿದರಲ್ಲ, ಅದರಿಂದ! ಪುಣ್ಯ ಮಾತ್ರ ಬ್ಯಾಟರಿಗೆ.

ನ್ಯಾಯವಾಗಿ ಒಂದು ಮಾತು ಒಪ್ಪುತ್ತೇನೆ. ಒಂದು ಮಾನಿಟರ್ ಗ್ರಾಫಿಕ್ಸ್ ಕಾರ್ಡಿಗೆ, ಇನ್ನೊಂದು ಮದರ್‌ಬೋರ್ಡಿಗೆ ಸಿಕ್ಕಿಸಿದ್ದರೆ, ಬ್ಯಾಟರಿ ಸತ್ತು ಬಯೋಸ್ ಮೊದಲಿನ ಸ್ಥಿತಿಗೆ ಹೋದಾಗ ಮದರ್‌ಬೋರ್ಡಿನ ಪೋರ್ಟ್ ಬಂದ್ ಆಗಬಹುದು. ಆಗ ಒಂದು ಪರದೆ ಪೂರ್ತಿ ಕಪ್ಪಾಗುತ್ತದೆ. ಎಡಬಲ ಅದಲುಬದಲಾಗುವುದು ಬೇರೆ ಕಾಯಿಲೆ.

ಆ ಕಾಯಿಲೆಯ ಮೂಲ ಹಾಜರಿಯಲ್ಲಿದೆ. ಪ್ರತಿ ಮಾನಿಟರ್ ಒಳಗೂ ಇಡಿಐಡಿ ಎಂಬ ಪುಟ್ಟ ಗುರುತಿನ ಚೀಟಿ ಇರುತ್ತದೆ. ಕಡಿಮೆ ಅಂದರೆ 128 ಬೈಟ್. ಕಂಪ್ಯೂಟರ್ ಆನ್ ಆದಾಗ ವಿಂಡೋಸ್ ಅದನ್ನು ಓದಿ, "ಓ, ಈ ಇಬ್ಬರೂ ಬಂದಿದ್ದಾರೆ" ಎಂದು ಆ ಜೋಡಿಗೆ ಬರೆದಿಟ್ಟ ಜೋಡಣೆಯನ್ನು ತೆಗೆಯುತ್ತದೆ. ಒಬ್ಬರು ಹಾಜರಿ ಹೇಳದಿದ್ದರೆ ಅದರ ಪಾಲಿಗೆ ಇದು ಹೊಸ ಜೋಡಿ, ಹಳೇ ಜೋಡಣೆ ಬಿಟ್ಟು ಹೊಸದಾಗಿ ಜೋಡಿಸುತ್ತದೆ. ವಿಜಿಎಯ 15 ಪಿನ್‌ಗಳಲ್ಲಿ ಈ ಮಾತುಕತೆ ನಡೆಯುವುದು 12 ಮತ್ತು 15ರಲ್ಲಿ. ಕೇಬಲ್ ಸಡಿಲವಾದರೆ, ಪಿನ್ ಬಾಗಿದ್ದರೆ, ಚಿತ್ರ ಬರುತ್ತದೆ, ಹೆಸರು ಬರುವುದಿಲ್ಲ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ (ಕಂಪ್ಯೂಟರಿಗೆ ಸಿಕ್ಕಿಸಿದ ಸಾಧನಗಳ ಪಟ್ಟಿ) "ಜೆನೆರಿಕ್ ನಾನ್-ಪಿಎನ್‌ಪಿ ಮಾನಿಟರ್" ಎಂದು ಕಂಡರೆ ಮೊದಲು ಕೇಬಲ್ ಬದಲಿಸಿ.

ಕೇಬಲ್ ಚೆನ್ನಾಗಿದ್ದರೆ ತಪ್ಪು ನಿಮ್ಮ ಬೆರಳಿನದ್ದು. ರಾತ್ರಿ ಗೋಡೆಯ ಸ್ವಿಚ್ಚನ್ನೇ ಆರಿಸುತ್ತೀರಿ, ಬೆಳಿಗ್ಗೆ ಸಿಪಿಯು ಮೊದಲು ಆನ್ ಮಾಡಿ, ಟೀ ಕುಡಿದು ಬಂದು ಮಾನಿಟರ್ ಆನ್ ಮಾಡುತ್ತೀರಿ. ಕರೆಂಟ್ ಪೂರ್ತಿ ಇಲ್ಲದ ಕೆಲವು ಮಾನಿಟರ್‌ಗಳು ಹಾಜರಿ ಹೇಳುವುದೇ ಇಲ್ಲ. ಎರಡೂ ಮಾನಿಟರ್ ಮೊದಲು, ಸಿಪಿಯು ಆಮೇಲೆ. ಕೇಬಲ್‌ಗಳ ಪೋರ್ಟ್ ಅದಲುಬದಲು ಮಾಡಬೇಡಿ. ಗುರುತಿಗೆ ಟೇಪ್ ಅಂಟಿಸಿ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಆ ವಿಜಿಎ ಮಾನಿಟರ್‌ನಲ್ಲಿ ಒತ್ತಕ್ಷರ ಕಲಸಿದಂತೆ ಕಾಣುತ್ತದೆ, ಅಲ್ವಾ? ಅದಕ್ಕೆ ಸುಮ್ನೆ ಫಾಂಟ್ ಬದಲಿಸುತ್ತಾ ಕೂರಬೇಡಿ. 17 ಇಂಚಿನ ಚೌಕ ಮಾನಿಟರ್ ಆದರೆ ಸಾಮಾನ್ಯವಾಗಿ ಅದರ ಸ್ವಂತ ರೆಸಲ್ಯೂಶನ್ 1280x1024. ಅದನ್ನೇ ಇಡಿ. ಆಮೇಲೆ ಮಾನಿಟರ್‌ನ ಆಟೋ ಬಟನ್ ಒತ್ತಿ. ಒತ್ತುವಾಗ ಪರದೆ ತುಂಬ ಅಕ್ಷರವಿರುವ ಬಿಳಿ ಪುಟ ತೆರೆದಿರಲಿ. ಕಪ್ಪು ವಾಲ್‌ಪೇಪರ್ ಇದ್ದರೆ ಚಿತ್ರದ ಅಂಚು ಎಲ್ಲಿದೆ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ.